ತೂಬು ತೆರೆದ ರಾತ್ರಿ: ಫ್ಲಾಂಡರ್ಸ್‌ನ ಊರುಗಳು ಮತ್ತು ರಣಭೂಮಿಗಳು

ಬೆಲ್ಜಿಯಂ ದೇಶದ ಉತ್ತರ ಭಾಗಕ್ಕೆ ಫ್ಲಾಂಡರ್ಸ್ ಎಂದು ಹೆಸರು. ಅಲ್ಲಿನವರ ನುಡಿ ಡಚ್. ಅದರ ಸ್ಥಳೀಯ ರೂಪವನ್ನು ಫ್ಲೆಮಿಶ್ ಎನ್ನುತ್ತಾರೆ. ಆ ನಾಡಿಗೆ ಹೋಗುವವರಲ್ಲಿ ಹೆಚ್ಚಿನವರು ಅದನ್ನು ಎರಡು ಪಾಲು ಮಾಡಿಕೊಂಡು ನೋಡುತ್ತಾರೆ. ಬ್ರೂಜ್, ಘೆಂಟ್ ಮುಂತಾದ ಹಳೆಯ ಪಟ್ಟಣಗಳಿಗೆ ಎರಡು ದಿನ, ಮೊದಲನೆಯ ಮಹಾಯುದ್ಧದ ಸಮಾಧಿಗಳಿಗೆ ಒಂದು ದಿನ. ನಾನೂ ಹಾಗೆಯೇ ಲೆಕ್ಕ ಹಾಕಿಕೊಂಡು ಹೊರಟವನು. ಆದರೆ ಅಕ್ಟೋಬರ್ ತಿಂಗಳ ಎರಡು ವಾರ, ಹೆಚ್ಚುಪಾಲು ಮಳೆಯಲ್ಲಿಯೇ, ರೈಲಿನಲ್ಲಿಯೂ ಬಾಡಿಗೆಯ ಸೈಕಲ್ಲಿನಲ್ಲಿಯೂ ಆ ಬಯಲನ್ನು ಸುತ್ತಿದ ಮೇಲೆ, ಈ ಎರಡು ಪಾಲುಗಳನ್ನು ಹಿಡಿದಿರುವ ದಾರ ಒಂದೇ ಎಂದು ನನಗೆ ಮನವರಿಕೆಯಾಯಿತು. ಆ ದಾರ ನೀರು. ಅಲ್ಲಿನ ಪಟ್ಟಣಗಳು ಸಿರಿವಂತವಾದದ್ದು ನೀರಿನಿಂದ, ಬಡವಾದದ್ದು ನೀರು ಸರಿದುಹೋದದ್ದರಿಂದ. ಅಲ್ಲಿನ ಯುದ್ಧಗಳು ಎಲ್ಲಿ ನಿಂತವು, ಸೈನಿಕರು ಹೇಗೆ ಸತ್ತರು ಎಂಬುದರಲ್ಲಿಯೂ ನೀರಿನ ಕೈವಾಡವಿದೆ. ಇಂದು ನಿಮ್ಮ ಮುಂದೆ ಹೇಳಹೊರಟಿರುವುದು ಇದನ್ನೇ. ನಾನು ನಡೆದ ದಾರಿಯ ಕ್ರಮದಲ್ಲಿಯೇ ಹೇಳುತ್ತೇನೆ.

ಬ್ರೂಜ್‌ನಿಂದ ಆರಂಭಿಸೋಣ. ಆ ಊರಿಗೆ ಇಂದು ಸಮುದ್ರ ಕಾಣಿಸುವುದಿಲ್ಲ. ಕಡಲತೀರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರವಿದೆ. ಆದರೂ ಒಂದು ಕಾಲದಲ್ಲಿ ಉತ್ತರ ಯುರೋಪಿನ ದೊಡ್ಡ ಬಂದರು ಅದು. 1134ರಲ್ಲಿ ಎದ್ದ ಬಿರುಗಾಳಿಯ ಪ್ರವಾಹ ಕರಾವಳಿಯನ್ನು ಸೀಳಿ, ಜ್ವಿನ್ ಎಂಬ ಹಿನ್ನೀರಿನ ದಾರಿಯೊಂದನ್ನು ನೆಲದೊಳಕ್ಕೆ ಕೊರೆಯಿತು. ಆ ದಾರಿಯ ತುದಿಯಲ್ಲಿ ದಾಮ್ಮೆ ಎಂಬ ಊರು ಹುಟ್ಟಿತು, ಅಲ್ಲಿಂದ ಬ್ರೂಜ್‌ಗೆ ಕಾಲುವೆ ಬಂತು. ಇಂಗ್ಲೆಂಡಿನ ಉಣ್ಣೆ ಆ ದಾರಿಯಲ್ಲಿ ಒಳಕ್ಕೆ ಬಂದು, ನೇಯ್ದ ಬಟ್ಟೆಯಾಗಿ ಅದೇ ದಾರಿಯಲ್ಲಿ ಹೊರಕ್ಕೆ ಹೋಯಿತು. ಜಿನೋವಾ, ವೆನಿಸ್, ಫ್ಲಾರೆನ್ಸ್, ಜರ್ಮನಿ ಕಡೆಯ ವ್ಯಾಪಾರಿಗಳು ಅಲ್ಲಿ ಮನೆ ಮಾಡಿದರು. ಶೇರುಪೇಟೆಗೆ ಯುರೋಪಿನ ಹಲವು ಭಾಷೆಗಳಲ್ಲಿ ಬಳಕೆಯಲ್ಲಿರುವ ‘ಬೂರ್ಸ್’ ಎಂಬ ಪದ ಬಂದಿರುವುದು, ಬ್ರೂಜ್‌ನಲ್ಲಿ ವರ್ತಕರ ತಂಗುಮನೆ ನಡೆಸುತ್ತಿದ್ದ ವಾನ್ ದೆರ್ ಬ್ಯೂರ್ಸ್ ಎಂಬ ಮನೆತನದ ಹೆಸರಿನಿಂದ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ.

ಆಮೇಲೆ ಜ್ವಿನ್‌ನಲ್ಲಿ ಹೂಳು ತುಂಬತೊಡಗಿತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ಹಡಗುಗಳು ಬರುವುದು ಕಷ್ಟವಾಯಿತು. ಅದೇ ಸಮಯದಲ್ಲಿ, 1488ರಲ್ಲಿ, ಊರಿನವರು ತಮ್ಮ ದೊರೆ ಮ್ಯಾಕ್ಸಿಮಿಲಿಯನ್‌ನನ್ನೇ ಸೆರೆಯಲ್ಲಿಟ್ಟ ಕಾರಣ ಅವನ ಮುನಿಸೂ ಸೇರಿಕೊಂಡಿತು. ವ್ಯಾಪಾರಿಗಳು ಒಬ್ಬೊಬ್ಬರಾಗಿ ಆಂಟ್ವರ್ಪ್‌ಗೆ ಹೊರಟುಹೋದರು. ಬ್ರೂಜ್ ಮುನ್ನೂರು ನಾಲ್ಕು ನೂರು ವರ್ಷ ನಿಂತ ನೀರಾಯಿತು. ನಾವು ಇಂದು ಬೆರಗಿನಿಂದ ನೋಡುವ ಮೆಟ್ಟಿಲು ಮೆಟ್ಟಿಲಾದ ಇಟ್ಟಿಗೆಯ ಮುಂಭಾಗಗಳು, ಕಾಲುವೆಗೆ ಬಾಗಿದ ಮನೆಗಳು, ಕಲ್ಲುಹಾಸಿನ ಬೀದಿಗಳು ಉಳಿದಿರುವುದಕ್ಕೆ ಮುಖ್ಯ ಕಾರಣ ಬಡತನ: ಕೆಡವಿ ಹೊಸದಾಗಿ ಕಟ್ಟುವಷ್ಟು ಹಣ ಯಾರ ಬಳಿಯೂ ಇರಲಿಲ್ಲ. ಊರಿನ ನಡುವಿನ ಗಂಟೆಗೋಪುರ 83 ಮೀಟರ್ ಎತ್ತರವಿದೆ, 366 ಮೆಟ್ಟಿಲುಗಳು. ಮೇಲೆ ಹೋದಂತೆ ಮೆಟ್ಟಿಲು ಎಷ್ಟು ಕಿರಿದಾಗುತ್ತದೆಯೆಂದರೆ, ಇಳಿಯುವವರಿಗೆ ದಾರಿ ಬಿಡಲು ಗೋಡೆಗೆ ಬೆನ್ನೊತ್ತಿ ನಿಂತು, ಕೈಯಲ್ಲಿ ಹಗ್ಗ ಹಿಡಿದುಕೊಳ್ಳಬೇಕಾಗುತ್ತದೆ. ತುದಿಯಲ್ಲಿ 47 ಗಂಟೆಗಳ ಸಮೂಹವಿದೆ. ಅಲ್ಲಿಂದ ನೋಡಿದಾಗ ನನಗೆ ಹಿಡಿಸಿದ್ದು ಊರಿಗಿಂತ ಊರಿನ ಆಚೆಗಿನ ನೆಲ. ಹಸಿರು ಬಯಲು, ಅದರಲ್ಲಿ ಅಡಿಕೋಲು ಇಟ್ಟು ಎಳೆದಂತೆ ನೀರಿನ ಗೆರೆಗಳು. ಅವು ಬಸಿಗಾಲುವೆಗಳು. ಈ ಗೆರೆಗಳನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತವೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಬ್ರೂಜ್‌ನಿಂದ ಕಡಲಿನ ಕಡೆಗೆ ಹೋದರೆ, ಕ್ನೋಕ್ಕೆ ಎಂಬ ಪಟ್ಟಣದ ಸೆರಗಿನಲ್ಲಿ ರಾಮ್ಸ್‌ಕಾಪೆಲ್ಲೆ ಎಂಬ ಹಳ್ಳಿ ಇದೆ. ನಮ್ಮ ಕಿವಿಗೆ ಆ ಹೆಸರಿನಲ್ಲಿ ‘ರಾಮ’ ಕೇಳಿಸುತ್ತದೆ. ಅದು ಕಾಕತಾಳೀಯ ಅಷ್ಟೆ. ಆದರೆ 1909ರಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದ ಕಾಮಿಲ್ ಬುಲ್ಕೆ, ಜೆಸ್ಯುಯಿಟ್ ಪಾದ್ರಿಯಾಗಿ ಭಾರತಕ್ಕೆ ಬಂದು, ರಾಂಚಿಯಲ್ಲಿ ನೆಲೆಸಿ, ರಾಮಕಥೆಯ ಹುಟ್ಟು ಬೆಳವಣಿಗೆಗಳ ಮೇಲೆ ಹಿಂದಿಯಲ್ಲಿಯೇ ಸಂಶೋಧನಾ ಪ್ರಬಂಧ ಬರೆದರು, ಇಂಗ್ಲಿಷ್–ಹಿಂದಿ ನಿಘಂಟನ್ನು ಕಟ್ಟಿದರು, ಭಾರತದ ಪೌರರಾದರು, 1974ರಲ್ಲಿ ಪದ್ಮಭೂಷಣ ಪಡೆದರು. ಅವರ ಬಾಲ್ಯದ ನಾಲ್ಕು ವರ್ಷ ಆ ಕರಾವಳಿ ಜರ್ಮನ್ ಸೇನೆಯ ವಶದಲ್ಲಿತ್ತು. ತನ್ನ ನುಡಿಗೆ ಫ್ರೆಂಚಿನ ಎದುರು ಮರ್ಯಾದೆ ಸಿಗದಿದ್ದ ನಾಡಿನಲ್ಲಿ ಬೆಳೆದವರಿಗೆ, ಇಂಗ್ಲಿಷಿನ ನೆರಳಿನಲ್ಲಿದ್ದ ಭಾರತೀಯ ಭಾಷೆಗಳ ಸ್ಥಿತಿ ತಟ್ಟನೆ ಅರ್ಥವಾಗಿರಬೇಕು ಎಂದು ನನ್ನ ನಂಬಿಕೆ. ವಿಶೇಷವೆಂದರೆ ಅದೇ ಪಶ್ಚಿಮ ಫ್ಲಾಂಡರ್ಸ್‌ನಲ್ಲಿ ರಾಮ್ಸ್‌ಕಾಪೆಲ್ಲೆ ಎಂಬ ಹೆಸರಿನ ಇನ್ನೊಂದು ಹಳ್ಳಿಯೂ ಇದೆ. ನನ್ನ ಕಥೆಯ ಕೊನೆಯಲ್ಲಿ ಅದು ಬರುತ್ತದೆ.

ಘೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕು. ಅಲ್ಲಿನ ಸಂತ ಬಾವೋ ದೇವಾಲಯದಲ್ಲಿ ವಾನ್ ಐಕ್ ಸೋದರರು 1432ರಲ್ಲಿ ಮುಗಿಸಿದ ವೇದಿಕೆಯ ಚಿತ್ರಫಲಕಗಳಿವೆ. ಅವುಗಳಲ್ಲಿ ಒಂದನ್ನು 1934ರಲ್ಲಿ ಕದ್ದೊಯ್ದವರು ಇಂದಿಗೂ ಹಿಂದಿರುಗಿಸಿಲ್ಲ, ಅದರ ಜಾಗದಲ್ಲಿ ನಕಲು ಇದೆ. ಅದೇ ಊರಿನಲ್ಲಿ ಹುಟ್ಟಿದ ಚಕ್ರವರ್ತಿ ಐದನೆಯ ಚಾರ್ಲ್ಸ್, ತೆರಿಗೆಯ ವಿರುದ್ಧ ದಂಗೆ ಎದ್ದ ತನ್ನ ಊರಿನವರನ್ನು 1540ರಲ್ಲಿ ಬರಿಗಾಲಿನಲ್ಲಿ, ಕೊರಳಿಗೆ ಕುಣಿಕೆ ಹಾಕಿಸಿ ನಡೆಸಿದ. ಘೆಂಟ್‌ನವರು ಆ ಅವಮಾನವನ್ನು ಮುಚ್ಚಿಡಲಿಲ್ಲ. ಇಂದಿಗೂ ತಮ್ಮನ್ನು ‘ಕುಣಿಕೆ ಹೊತ್ತವರು’ ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ.

ಬ್ರೂಜ್‌ನಿಂದ ಈಪರ್‌ಗೆ ರೈಲಿನಲ್ಲಿ ಹೋಗುವವರು ಕೋರ್ಟ್‌ರೈಕ್‌ನಲ್ಲಿ ಬದಲಾಯಿಸಬೇಕು. ಹೆಚ್ಚಿನವರು ಪ್ಲಾಟ್‌ಫಾರಂ ಬದಲಿಸಿ ಮುಂದೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಅಲ್ಲಿ ಅರ್ಧ ದಿನ ಇಳಿಯಿರಿ. 1302ರ ಜುಲೈ 11ರಂದು ಈ ಊರಿನ ಗೋಡೆಯ ಹೊರಗೆ, ಗ್ರೂನಿಂಗೆ ಎಂಬ ತೊರೆಯ ಪಕ್ಕದಲ್ಲಿ, ಫ್ರಾನ್ಸಿನ ರಾಜನ ಕುದುರೆಸವಾರ ಸೇನೆ ಕಾಲಾಳುಗಳ ಕೈಯಲ್ಲಿ ಸೋತಿತು. ಎದುರಿಗೆ ನಿಂತವರಲ್ಲಿ ಹೆಚ್ಚಿನವರು ನೇಕಾರರು, ಬಟ್ಟೆ ತುಳಿದು ಹದ ಮಾಡುವವರು, ಕಟುಕರು. ಪಟ್ಟಣಗಳ ಕಸುಬುದಾರರ ಸಂಘಗಳಿಂದ ಬಂದ ಜನ. ಬ್ರೂಜ್‌ನ ನೇಕಾರ ಪೀಟರ್ ದೆ ಕೋನಿಂಕ್ ಅವರ ನಾಯಕರಲ್ಲೊಬ್ಬ. ಅವರ ಆಯುಧಕ್ಕೆ ‘ಖೂದೆನ್‌ದಾಖ್’ ಎಂದು ಹೆಸರು: ಮರದ ದಪ್ಪ ದೊಣ್ಣೆ, ತುದಿಗೆ ಕಬ್ಬಿಣದ ಮೊಳೆ. ಕುದುರೆ ನುಗ್ಗಿ ಬಂದಾಗ ಅದನ್ನು ನೆಲಕ್ಕೆ ಊರಿ ಹಿಡಿಯುವುದು, ಸವಾರ ಕೆಳಗೆ ಬಿದ್ದ ಮೇಲೆ ಅದರಿಂದಲೇ ಬಡಿಯುವುದು.

ಈ ಗೆಲುವನ್ನು ಬರೀ ಶೌರ್ಯದ ಲೆಕ್ಕಕ್ಕೆ ಬರೆಯುವುದು ರೂಢಿ. ಆದರೆ ಜಾಗವನ್ನು ನೋಡಿ. ಅವರು ನಿಂತದ್ದು ಜೌಗುನೆಲದಲ್ಲಿ, ಮುಂದೆ ತೊರೆಗಳನ್ನೂ ಹಳ್ಳಗಳನ್ನೂ ಇಟ್ಟುಕೊಂಡು. ಕುದುರೆಸವಾರರ ಬಲವಿರುವುದು ಓಟದಲ್ಲಿ. ತೊರೆ ದಾಟಿ ಕೆಸರಿಗೆ ಬಂದ ಕುದುರೆಗೆ ಓಟವೇ ಇಲ್ಲ. ಸೇನಾಪತಿ ಅರ್ತ್ವಾದ ರಾಬರ್ಟ್ ಅಲ್ಲಿಯೇ ಹತನಾದ. ಬಿದ್ದ ಸರದಾರರ ಹಿಮ್ಮಡಿಯಿಂದ ಬಿಚ್ಚಿದ ಸುಮಾರು 500 ಚಿನ್ನದ ಹಿಮ್ಮಡಿಮುಳ್ಳುಗಳನ್ನು ಊರಿನ ಮೇರಿಯಮ್ಮನ ದೇವಾಲಯದಲ್ಲಿ ತೂಗುಹಾಕಿದರು. ಅದಕ್ಕೆ ಇದು ಚಿನ್ನದ ಮುಳ್ಳುಗಳ ಕದನವೆಂದೇ ಪ್ರಸಿದ್ಧ. ಎಂಬತ್ತು ವರ್ಷದ ಮೇಲೆ, 1382ರಲ್ಲಿ, ಫ್ರೆಂಚರು ಗೆದ್ದು ಅವನ್ನು ಹೊತ್ತುಕೊಂಡು ಹೋದರು. ಜುಲೈ 11 ಇಂದಿಗೂ ಫ್ಲಾಂಡರ್ಸ್‌ನ ನಾಡಹಬ್ಬ. ಊರು ಆ ಬಯಲಿನ ಮೇಲೆಯೇ ಬೆಳೆದಿದೆ. ಒಂದು ಉದ್ಯಾನದಲ್ಲಿ ಸಿಂಹದ ಜೊತೆ ನಿಂತ ಚಿನ್ನದ ಬಣ್ಣದ ಹೆಣ್ಣಿನ ಪ್ರತಿಮೆ ಇದೆ. ನಾನು ಹೋದಾಗ ಅದರ ಕೆಳಗೆ ಶಾಲೆಯ ಮಕ್ಕಳು ಮಳೆಗೆ ಕೊಡೆ ಹಿಡಿದು ಬುತ್ತಿ ತಿನ್ನುತ್ತಿದ್ದರು.

ಕೋರ್ಟ್‌ರೈಕ್‌ನಿಂದ ರೈಲು ಪಶ್ಚಿಮಕ್ಕೆ ಹೊರಟರೆ ಈಪರ್. ಬ್ರಿಟಿಷ್ ಸಿಪಾಯಿಗಳು ಉಚ್ಚರಿಸಲಾಗದೆ ‘ವೈಪರ್ಸ್’ ಎಂದು ಕರೆದ ಊರು. ಮಧ್ಯಯುಗದಲ್ಲಿ ಬ್ರೂಜ್, ಘೆಂಟ್, ಈಪರ್ ಮೂರೂ ಬಟ್ಟೆಯ ರಾಜಧಾನಿಗಳು. ಈಪರ್‌ನ ಚೌಕದಲ್ಲಿರುವ ಬಟ್ಟೆಯ ಸಭಾಂಗಣ ಸುಮಾರು 125 ಮೀಟರ್ ಉದ್ದ, ಗೋಪುರದ ಎತ್ತರ 70 ಮೀಟರ್; 1304ರ ಹೊತ್ತಿಗೆ ಮುಗಿದ ಕಟ್ಟಡ. ಆಗ ಈಪರ್ಲೆ ಎಂಬ ಹೊಳೆ ಅದರ ಪಕ್ಕದಲ್ಲಿಯೇ ಹರಿಯುತ್ತಿತ್ತು, ದೋಣಿಗಳು ಸಭಾಂಗಣದ ಬಾಗಿಲಿಗೇ ಬಂದು ಉಣ್ಣೆ ಇಳಿಸುತ್ತಿದ್ದವು. ಹೊಳೆಯನ್ನು ಆಮೇಲೆ ಕಮಾನು ಕಟ್ಟಿ ಮುಚ್ಚಿದರು. ಇಂದು ಅದು ಬೀದಿಯ ಕೆಳಗೆ ಹರಿಯುತ್ತದೆ.

ನಿಮಗೆ ಕಾಣುವ ಆ ಸಭಾಂಗಣ 1304ರದ್ದಲ್ಲ ಎಂಬುದನ್ನು ಮಾತ್ರ ಹೋಗುವ ಮೊದಲೇ ತಿಳಿದಿರಬೇಕು. 1914ರ ನವೆಂಬರ್ 22ರಂದು ಜರ್ಮನ್ ಫಿರಂಗಿಗಳ ಹೊಡೆತಕ್ಕೆ ಅದಕ್ಕೆ ಬೆಂಕಿ ಬಿತ್ತು. ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ಗೋಪುರದ ಒಂದು ಮುರುಕು ಬಿಟ್ಟರೆ ಊರಿನಲ್ಲಿ ಎದ್ದು ನಿಂತದ್ದು ಏನೂ ಇರಲಿಲ್ಲ. ಕುದುರೆಯ ಮೇಲೆ ಕುಳಿತವನಿಗೆ ಊರಿನ ಈ ತುದಿಯಿಂದ ಆ ತುದಿ ಕಾಣುತ್ತಿತ್ತು ಎನ್ನುತ್ತಾರೆ. ಆ ಪಾಳನ್ನು ಹಾಗೆಯೇ ಸ್ಮಾರಕವಾಗಿ ಉಳಿಸಬೇಕೆಂದು ಚರ್ಚಿಲ್ ಬಯಸಿದ್ದರು. ಆದರೆ ಊರಿನವರು ಹಿಂದಿರುಗಿ ಬಂದರು. ಮರದ ಗುಡಿಸಲು ಹಾಕಿಕೊಂಡರು, ತಮ್ಮ ಮನೆಗಳನ್ನು ಹಿಂದೆ ಇದ್ದ ಹಾಗೆಯೇ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದರು. ಸಭಾಂಗಣ ಪೂರ್ತಿಯಾದದ್ದು 1967ರಲ್ಲಿ. ಬ್ರೂಜ್ ಹಳೆಯದಾಗಿ ಉಳಿದಿರುವುದು ಯಾರೂ ಮುಟ್ಟದ ಕಾರಣ. ಈಪರ್ ಹಳೆಯದಾಗಿ ಕಾಣುವುದು ಜನ ಹಟ ಹಿಡಿದು ಕಟ್ಟಿದ ಕಾರಣ. ಇದನ್ನು ನಕಲು ಎಂದು ಹಗುರವಾಗಿ ಮಾತನಾಡುವವರನ್ನು ಅಲ್ಲಿಯೇ ಕೇಳಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸುಟ್ಟುಹೋದ ಮನೆಗೆ ಅದೇ ಅಳತೆಯ ಬಾಗಿಲು ಕಿಟಕಿ ಇಡಿಸಿಕೊಂಡವನಿಗೆ ಅದು ಅವನ ಮನೆಯೇ.

ಈಪರ್ ಏಕೆ ಇಷ್ಟು ಹೊಡೆತ ತಿಂದಿತು? ಊರಿನ ಪೂರ್ವಕ್ಕೆ ಅರ್ಧಚಂದ್ರದ ಆಕಾರದಲ್ಲಿ ಒಂದು ದಿಣ್ಣೆ ಇದೆ. ಎತ್ತರ ಅಂಥದ್ದೇನೂ ಇಲ್ಲ, ಸೈಕಲ್ಲಿನಲ್ಲಿ ಹೋದವನಿಗೆ ಉಸಿರು ಸ್ವಲ್ಪ ಜೋರಾಗುವಷ್ಟು. ಜರ್ಮನ್ನರು ಆ ದಿಣ್ಣೆಯ ಮೇಲೆ, ಬ್ರಿಟಿಷ್ ಸಾಮ್ರಾಜ್ಯದ ಸೇನೆ ಕೆಳಗಿನ ಬೋಗುಣಿಯಲ್ಲಿ. ಮೇಲಿದ್ದವರಿಗೆ ನೋಟವೂ ಒಣನೆಲವೂ ಸಿಕ್ಕಿತು. ಕೆಳಗಿದ್ದವರಿಗೆ ನೀರು ಸಿಕ್ಕಿತು. ಆ ನೆಲದ ಅಡಿಯಲ್ಲಿರುವುದು ನೀರನ್ನು ಬಿಡದ ದಟ್ಟ ನೀಲಿ ಜೇಡಿಮಣ್ಣು. ಭೂವಿಜ್ಞಾನಿಗಳು ಸುಮಾರು ಐದು ಕೋಟಿ ವರ್ಷ ಹಿಂದಿನ ಒಂದು ಕಾಲಘಟ್ಟಕ್ಕೆ ಈ ಊರಿನದೇ ಹೆಸರಿಟ್ಟು ‘ಈಪ್ರೇಶಿಯನ್’ ಎನ್ನುತ್ತಾರೆ. ಕಂದಕ ತೋಡಿದರೆ ಎರಡು ಮೂರು ಅಡಿಗೆ ನೀರು.

ಈ ನೀರಿನ ಕಂದಕಗಳಿಗೆ ನಮ್ಮವರೂ ಬಂದಿದ್ದರು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಷನ್ನಿನ ಮೊದಲ ತುಕಡಿಗಳು ಮಾರ್ಸೇ ಬಂದರಿನಲ್ಲಿ ಇಳಿದವು. ಅಕ್ಟೋಬರ್ ಮುಗಿಯುವ ಮೊದಲೇ ಈಪರ್‌ನ ಸುತ್ತ ಅವರನ್ನು ತುಂಡು ತುಂಡಾಗಿ ಹಂಚಿ ಕಾದಾಟಕ್ಕೆ ಇಳಿಸಿದರು. ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ. ಅಕ್ಟೋಬರ್ 31ರಂದು ಹೊಲೆಬೆಕೆ ಎಂಬ ಹಳ್ಳಿಯ ಬಳಿ, 129ನೆಯ ಬಲೂಚಿ ಪಡೆಯ ಸಿಪಾಯಿ ಖುದಾದಾದ್ ಖಾನ್ ಮೆಷಿನ್‌ಗನ್ ಹಿಡಿದಿದ್ದ. ಜೊತೆಗಿದ್ದವರೆಲ್ಲ ಸತ್ತರು, ತಾನೂ ಗಾಯಗೊಂಡ. ಶತ್ರುಗಳು ಇವನೂ ಸತ್ತನೆಂದು ಬಿಟ್ಟುಹೋದ ಮೇಲೆ ಕತ್ತಲಲ್ಲಿ ತೆವಳಿಕೊಂಡು ತನ್ನವರನ್ನು ಸೇರಿದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಅವನು. ಅವನ ಊರು ಇಂದು ಪಾಕಿಸ್ತಾನದಲ್ಲಿದೆ. ಹೊಲೆಬೆಕೆಯಲ್ಲಿ ಈಗ ಮೆಕ್ಕೆಜೋಳದ ಹೊಲಗಳು, ದನ ಮೇಯುವ ಹುಲ್ಲುಗಾವಲು.

1915ರ ಏಪ್ರಿಲ್ 22ರ ಸಂಜೆ ಈಪರ್‌ನ ಉತ್ತರಕ್ಕೆ ಜರ್ಮನ್ನರು ಸಿಲಿಂಡರುಗಳನ್ನು ತೆರೆದು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಪಶ್ಚಿಮದ ರಣರಂಗದಲ್ಲಿ ವಿಷಾನಿಲದ ಮೊದಲ ದೊಡ್ಡ ದಾಳಿ ಅದು. ನಾಲ್ಕು ದಿನದ ಮೇಲೆ ಲಾಹೋರ್ ಡಿವಿಷನ್ನನ್ನು ವೀಲ್ಟ್ಯೆ ಹಳ್ಳಿಯ ಬಳಿ ತೆರೆದ ಬಯಲಿನಲ್ಲಿ ಮುಂದಕ್ಕೆ ಕಳುಹಿಸಿದರು. ಅನಿಲ ಮತ್ತೆ ಬಂತು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದನ್ನು ಬಿಟ್ಟರೆ ರಕ್ಷಣೆ ಇರಲಿಲ್ಲ. ಅಧಿಕಾರಿಗಳೆಲ್ಲ ಬಿದ್ದ ಮೇಲೆ ಜಮಾದಾರ ಮೀರ್ ದಸ್ತ್ ಉಳಿದವರನ್ನು ಒಟ್ಟುಗೂಡಿಸಿ ಕತ್ತಲಾಗುವವರೆಗೆ ನಿಂತ, ಗಾಯಗೊಂಡವರನ್ನು ಹೊತ್ತು ತಂದ. ಅವನಿಗೂ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅವನ ತಮ್ಮ ಮೀರ್ ಮಸ್ತ್ ಸುಮಾರು ಎರಡು ತಿಂಗಳ ಹಿಂದೆ, ಸ್ವಲ್ಪ ದಕ್ಷಿಣದ ಕಂದಕದಿಂದ, ಕೆಲವು ಜೊತೆಗಾರರೊಂದಿಗೆ ಜರ್ಮನ್ನರ ಕಡೆಗೆ ಹೋಗಿದ್ದ. ಒಬ್ಬನನ್ನು ವೀರನೆಂದೂ ಇನ್ನೊಬ್ಬನನ್ನು ದ್ರೋಹಿಯೆಂದೂ ಅಂದಿನ ಸರ್ಕಾರ ದಾಖಲಿಸಿತು. ಅದು ಅವರ ದೇಶದ ಯುದ್ಧವಾಗಿರಲಿಲ್ಲ ಎಂಬುದನ್ನು ಮರೆಯದೆ ನಾವು ಆ ಇಬ್ಬರ ಕಥೆಯನ್ನೂ ಒಟ್ಟಿಗೆ ಓದಬೇಕು ಎಂದು ನಾನು ಭಾವಿಸುತ್ತೇನೆ.

ಪ್ರತಿದಿನ ರಾತ್ರಿ ಎಂಟಕ್ಕೆ ಈಪರ್‌ನ ಮೆನಿನ್ ಗೇಟ್ ಬಳಿ ಪೊಲೀಸರು ವಾಹನಗಳನ್ನು ನಿಲ್ಲಿಸುತ್ತಾರೆ. ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು ಕಮಾನಿನ ಕೆಳಗೆ ಸಾಲಾಗಿ ನಿಂತು ಕಹಳೆ ಊದುತ್ತಾರೆ. 1928ರಿಂದ ಇದು ನಡೆದುಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಊರು ಜರ್ಮನ್ನರ ವಶದಲ್ಲಿದ್ದ ನಾಲ್ಕು ವರ್ಷ ಮಾತ್ರ ತಪ್ಪಿತು, 1944ರಲ್ಲಿ ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಆರಂಭವಾಯಿತು. ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳಿವೆ; ಇವರೆಲ್ಲ ದೇಹ ಸಿಗದವರು, ಅಥವಾ ಸಿಕ್ಕರೂ ಗುರುತು ಸಿಗದವರು. ಅವುಗಳಲ್ಲಿ ಭಾರತೀಯ ಪಡೆಗಳ ಹೆಸರುಗಳೂ ಇವೆ: ಸಿಂಗ್, ಖಾನ್, ಥಾಪಾ, ಗುರುಂಗ್. ಪಕ್ಕದ ಕೋಟೆಗೋಡೆಯ ಹುಲ್ಲಿನ ಮೇಲೆ ಭಾರತೀಯ ಸೈನಿಕರ ಸ್ಮಾರಕವೂ ಇದೆ, ಅಶೋಕನ ಸಿಂಹಗಳೊಂದಿಗೆ. ಕಹಳೆ ಮುಗಿದ ಮೇಲೆ ಎರಡು ಮೂರು ನಿಮಿಷ ಯಾರೂ ಕದಲಲಿಲ್ಲ. ಆಮೇಲೆ ಪೊಲೀಸ್ ಕೈ ಬೀಸಿದರು, ತಡೆಹಿಡಿದಿದ್ದ ಮೊದಲ ಬಸ್ಸು ನಮ್ಮ ನಡುವಿನಿಂದ ಹಾದುಹೋಯಿತು.

ಕನ್ನಡದ ಹೆಸರು ಅಲ್ಲಿ ಇದೆಯೇ ಎಂದು ನೀವು ಕೇಳಬಹುದು. ನಾನು ಎರಡು ಬೆಳಿಗ್ಗೆ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಬ್ರಿಟಿಷರು ಪಶ್ಚಿಮದ ರಣರಂಗಕ್ಕೆ ಕಳುಹಿಸಿದ ಕಾಲಾಳುಗಳನ್ನು ಹೆಚ್ಚಾಗಿ ಪಂಜಾಬ್, ವಾಯವ್ಯ ಗಡಿ, ಗಢವಾಲ್, ನೇಪಾಳಗಳಿಂದ ಆರಿಸಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನ ಮರಳಿಗೆ; 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆಗೂಡಿ ಅವರು ಗೆದ್ದದ್ದು ನಿಮಗೆ ಗೊತ್ತಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವನ್ನೂ ನೋಡಿರುತ್ತೀರಿ.

ಈಗ ಆ ದಿಣ್ಣೆಯ ಮೇಲಿನ ಪಾಶೆಂಡೇಲ್ ಹಳ್ಳಿ. ಈಪರ್‌ನಿಂದ ಸೈಕಲ್ಲಿನಲ್ಲಿ ಒಂದು ಗಂಟೆಯೂ ಬೇಡ. 1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೇನೆಗೆ ಅಷ್ಟು ದೂರ ಹೋಗುವುದಕ್ಕೆ ಜುಲೈ 31ರಿಂದ ನವೆಂಬರ್ 10ರವರೆಗೆ ಹಿಡಿಯಿತು. ಬ್ರೂಜ್‌ನ ಗೋಪುರದಿಂದ ಕಂಡ ಬಸಿಗಾಲುವೆಗಳನ್ನು ಈಗ ನೆನಪಿಸಿಕೊಳ್ಳಿ. ನೀರು ಬಿಡದ ಜೇಡಿನೆಲದಲ್ಲಿ ಬೇಸಾಯ ಮಾಡುವುದಕ್ಕಾಗಿ ರೈತರು ತಲೆತಲಾಂತರದಿಂದ ತೋಡಿ, ಹೂಳೆತ್ತಿ ಕಾಪಾಡಿಕೊಂಡು ಬಂದ ಕಾಲುವೆಗಳ ಜಾಲ ಅದು. ದಾಳಿಗೆ ಮೊದಲಿನ ಎರಡು ವಾರದಲ್ಲಿ ಬ್ರಿಟಿಷ್ ಫಿರಂಗಿಗಳು 40 ಲಕ್ಷಕ್ಕೂ ಹೆಚ್ಚು ಶೆಲ್ಲುಗಳನ್ನು ಹಾರಿಸಿದವು. ಶತ್ರುವಿನ ಕಂದಕಗಳ ಜೊತೆ ಬಸಿಗಾಲುವೆಗಳೂ ನುಚ್ಚುನೂರಾದವು. ಆಮೇಲೆ ಮಳೆ ಬಂತು. ಆ ವರ್ಷದ ಆಗಸ್ಟ್ ಮಳೆ ವಾಡಿಕೆಗಿಂತ ಬಹಳ ಹೆಚ್ಚು. ನೀರಿಗೆ ಹೋಗಲು ದಾರಿಯಿಲ್ಲ. ಶೆಲ್ ಬಿದ್ದ ಗುಂಡಿಗಳೆಲ್ಲ ತುಂಬಿ ಒಂದಕ್ಕೊಂದು ಕೂಡಿಕೊಂಡವು. ಹಲಗೆಯ ಹಾದಿಯಿಂದ ಜಾರಿದ ಮನುಷ್ಯ, ಬೆನ್ನಿನ ಹೊರೆಯ ಭಾರಕ್ಕೆ, ಜೊತೆಯವರ ಕಣ್ಣೆದುರಿನಲ್ಲಿಯೇ ಮುಳುಗಿಹೋಗುತ್ತಿದ್ದ. ಹೇಸರಗತ್ತೆಗಳು, ಕುದುರೆಗಳು, ಫಿರಂಗಿಗಳು ಮುಳುಗಿದವು. ಸುಮಾರು ಎಂಟು ಕಿಲೋಮೀಟರ್ ಮುನ್ನಡೆಗೆ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಲಕ್ಷಗಟ್ಟಲೆ. ಮರುವರ್ಷ ಏಪ್ರಿಲ್‌ನಲ್ಲಿ ಆ ನೆಲವನ್ನು ಹೋರಾಟವಿಲ್ಲದೆ ಬಿಟ್ಟುಕೊಟ್ಟು ಹಿಂದೆ ಸರಿದರು.

ಆ ಇಳಿಜಾರಿನಲ್ಲಿ ಟೈನ್ ಕಾಟ್ ಸಮಾಧಿಭೂಮಿ ಇದೆ. ಸುಮಾರು 12,000 ಬಿಳಿಯ ಕಲ್ಲುಗಳು. ಅವುಗಳಲ್ಲಿ 8,000ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರಿಲ್ಲ, ‘ದೇವರಿಗೆ ಗೊತ್ತಿರುವವನು’ ಎಂಬ ಅರ್ಥದ ಸಾಲು ಮಾತ್ರ. ಹಿಂದಿನ ಬಾಗಿದ ಗೋಡೆಯ ಮೇಲೆ ಇನ್ನೂ ಸುಮಾರು 35,000 ಹೆಸರುಗಳು. ಮೆನಿನ್ ಗೇಟ್‌ನಲ್ಲಿ ಜಾಗ ಸಾಲದೆ ಇಲ್ಲಿ ಕೆತ್ತಿದವು. ನಾನು ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ಬುಡದಲ್ಲಿ ಪುಟ್ಟ ಗುಲಾಬಿ ಗಿಡ. ಮಳೆ ಬಿದ್ದಾಗ ಮಣ್ಣು ಸಿಡಿದು ಕಲ್ಲು ಕೊಳೆಯಾಗಬಾರದೆಂದು ಪ್ರತಿ ಕಲ್ಲಿನ ಬುಡಕ್ಕೂ ಗಿಡ ನೆಡುತ್ತಾರೆ ಎಂದು ಅಲ್ಲಿನ ತೋಟಗಾರರು ಹೇಳಿದರು. ಹೊರಗೆ ಬಂದು ರಸ್ತೆ ಹಿಡಿದಾಗ, ವಿದ್ಯುತ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಎರಡು ಶೆಲ್ಲುಗಳನ್ನು ನೆಟ್ಟಗೆ ನಿಲ್ಲಿಸಿಟ್ಟಿದ್ದರು. ಅಂಟಿದ ಮಣ್ಣು ಇನ್ನೂ ಹಸಿಯಾಗಿತ್ತು. ಉಳುವಾಗ ಸಿಕ್ಕಿದ್ದನ್ನು ರೈತರು ರಸ್ತೆಬದಿಗೆ ತಂದಿಡುತ್ತಾರೆ, ಸೇನೆಯ ಬಾಂಬ್ ನಿಷ್ಕ್ರಿಯ ದಳದವರು ಬಂದು ಒಯ್ಯುತ್ತಾರೆ. ನೂರು ವರ್ಷ ಕಳೆದರೂ ಈ ಫಸಲು ನಿಂತಿಲ್ಲ. ಅವುಗಳಲ್ಲಿ ಕೆಲವು ವಿಷಾನಿಲದ ಶೆಲ್ಲುಗಳು. ಯಾರಾದರೂ ಹೋದರೆ ದಯವಿಟ್ಟು ಮುಟ್ಟಬೇಡಿ.

ಗಡಿ ದಾಟಿ ಫ್ರಾನ್ಸಿಗೆ ಹೋದರೆ ನವ್ ಶಾಪೆಲ್. ನಾಡು ಬೇರೆಯಾದರೂ ನೆಲ ಅದೇ, ಕೆಸರೂ ಅದೇ. 1915ರ ಮಾರ್ಚ್ 10ರಂದು ಇಲ್ಲಿ ದಾಳಿ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಭಾರತೀಯರು. ಅದಕ್ಕಾಗಿಯೇ, ಪಶ್ಚಿಮದ ರಣರಂಗದಲ್ಲಿ ಸತ್ತು ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ, ಕೂಲಿ ಪಡೆಯವರ ಸ್ಮಾರಕವನ್ನು 1927ರಲ್ಲಿ ಇಲ್ಲಿ ಕಟ್ಟಿದರು. ರೂಪಿಸಿದವರು ಹರ್ಬರ್ಟ್ ಬೇಕರ್. ದುಂಡಾದ ಅಂಗಳ, ಜಾಲಂಧ್ರ ಕೊರೆದ ಕಲ್ಲಿನ ಗೋಡೆ, 15 ಮೀಟರ್ ಎತ್ತರದ ಕಂಬ, ಕಂಬದ ತಲೆಯಲ್ಲಿ ಕಮಲ, ಎರಡು ಬದಿಗೆ ಕಲ್ಲಿನ ಹುಲಿಗಳು. ನಾನು ಹೋದ ದಿನ ಬೇರೆ ಯಾರೂ ಇರಲಿಲ್ಲ. ಜಾಲಂಧ್ರದ ಮೂಲಕ ಬೀಟ್‌ರೂಟ್ ಹೊಲ ಕಾಣುತ್ತಿತ್ತು. ಈ ಸೈನಿಕರು ಊರಿಗೆ ಬರೆಸಿದ ಕಾಗದಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ತೆರೆದು, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡರು. ಆ ಅನುವಾದಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಸ್ವಂತ ಮಾತು ನಮಗೆ ಹೆಚ್ಚಾಗಿ ಉಳಿದು ಬಂದಿರುವುದು, ಅವರ ಮೇಲೆ ಕಣ್ಣಿಟ್ಟಿದ್ದವರ ಕೈಬರಹದಲ್ಲಿ.

ಜರ್ಮನ್ನರ ಸಮಾಧಿಗಳಿಗೂ ಹೋಗಿ ಎಂದು ನಾನು ಒತ್ತಾಯಿಸುತ್ತೇನೆ. ಡಿಕ್ಸ್‌ಮೌಡೆಯ ಹತ್ತಿರ ವ್ಲಾಡ್ಸ್‌ಲೊ ಎಂಬಲ್ಲಿ ಓಕ್ ಮರಗಳ ಕೆಳಗೆ 25,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಬಿಳಿಯ ಕಲ್ಲುಗಳಿಲ್ಲ, ನೆಲಕ್ಕೆ ಸಮನಾದ ಕಪ್ಪು ಚಪ್ಪಡಿಗಳು, ಒಂದೊಂದರ ಮೇಲೆ ಸುಮಾರು ಇಪ್ಪತ್ತು ಹೆಸರು. ಒಂದರ ಮೇಲೆ ಪೀಟರ್ ಕೊಲ್ವಿಟ್ಸ್ ಎಂದಿದೆ. ವಯಸ್ಸು 18. ಸೇನೆಗೆ ಸೇರಲು ತಂದೆ ಒಪ್ಪಿರಲಿಲ್ಲ. ತಾಯಿ, ಕಲಾವಿದೆ ಕೇಟೆ ಕೊಲ್ವಿಟ್ಸ್, ಗಂಡನನ್ನು ಒಪ್ಪಿಸಿದ್ದಳು. 1914ರ ಅಕ್ಟೋಬರ್‌ನಲ್ಲಿ, ಬಂದ ಕೆಲವೇ ದಿನಕ್ಕೆ, ಹುಡುಗ ಸತ್ತ. ತಾಯಿ ಆ ದುಃಖವನ್ನು ಕಲ್ಲಿಗೆ ತರಲು ಹದಿನೇಳು ಹದಿನೆಂಟು ವರ್ಷ ತೆಗೆದುಕೊಂಡಳು. ಮಂಡಿಯೂರಿದ ಎರಡು ಮೂರ್ತಿಗಳು: ತಂದೆ ತನ್ನ ಎದೆಯನ್ನು ತಾನೇ ತೋಳುಗಳಿಂದ ಬಿಗಿದುಕೊಂಡು ನೇರ ಕುಳಿತಿದ್ದಾನೆ, ತಾಯಿ ನೆಲದ ಕಡೆಗೆ ಕುಸಿದಿದ್ದಾಳೆ. ಇಬ್ಬರ ಮೈ ಒಂದಕ್ಕೊಂದು ತಾಗುವುದಿಲ್ಲ. ಮಗನ ಹೆಸರಿರುವ ಚಪ್ಪಡಿ ತಂದೆಯ ಮುಂದೆಯೇ ಇದೆ. ಓಕ್ ಎಲೆಗಳು ಅದರ ಮೇಲೆ ಬಿದ್ದು ಒದ್ದೆಯಾಗಿ ಅಂಟಿಕೊಂಡಿದ್ದವು.

ಆ ಹುಡುಗ ಸತ್ತ ಒಂದು ವಾರಕ್ಕೆ ಆ ರಣರಂಗದಲ್ಲಿ ಕಾದಾಟ ನಿಂತಿತು. ನಿಲ್ಲಿಸಿದ್ದು ನೀರು. ನನ್ನ ದಾರಿಯ ಕೊನೆಯ ಊರು ನಿಯೂಪೋರ್ಟ್. ಐಸರ್ ಹೊಳೆ ಅಲ್ಲಿ ಸಮುದ್ರ ಸೇರುತ್ತದೆ. ಆರು ಕಾಲುವೆಗಳು ಒಂದೆಡೆ ಕೂಡುವ ಆ ಜಾಗಕ್ಕೆ ಊರಿನವರು ‘ಹೆಬ್ಬಾತಿನ ಪಾದ’ ಎನ್ನುತ್ತಾರೆ. ಒಳನಾಡಿನ ನೆಲ ಉಬ್ಬರದ ಮಟ್ಟಕ್ಕಿಂತ ತಗ್ಗು. ಆದ್ದರಿಂದ ಉಬ್ಬರದ ಹೊತ್ತಿಗೆ ತೂಬಿನ ಬಾಗಿಲು ಮುಚ್ಚಿ ಕಡಲನ್ನು ತಡೆಯಬೇಕು, ಇಳಿತದ ಹೊತ್ತಿಗೆ ತೆರೆದು ಹೊಲದ ನೀರನ್ನು ಹೊರಕ್ಕೆ ಬಿಡಬೇಕು. ಈ ಕೆಲಸವನ್ನು ನೋಡಿಕೊಳ್ಳಲು ರೈತರ ನೀರಿನ ಸಂಘಗಳಿವೆ. ಅಂಥ ಸಂಘದ ಮೇಲ್ವಿಚಾರಕ ಕಾರೆಲ್ ಕಾಗ್ಗೆಯನ್ನು ನಾವು ನಮ್ಮ ಮಾತಿನಲ್ಲಿ ನೀರುಗಂಟಿ ಎಂದೇ ಕರೆಯಬಹುದು. 1914ರ ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಂನ ಹೆಚ್ಚುಪಾಲು ಜರ್ಮನ್ನರ ಕೈಸೇರಿತ್ತು. ರಾಜ ಆಲ್ಬರ್ಟ್‌ನ ದಣಿದ ಸೇನೆ ನಿಯೂಪೋರ್ಟ್–ಡಿಕ್ಸ್‌ಮೌಡೆ ರೈಲು ದಾರಿಯ ಏರಿಯ ಹಿಂದೆ ನಿಂತಿತ್ತು. ಏರಿಯ ಅಡಿಯ ಮೋರಿಗಳನ್ನೆಲ್ಲ ಮುಚ್ಚಿ ಅದನ್ನು ಕಟ್ಟೆಯಾಗಿಸಿ, ದಿನದ ಕೆಲಸವನ್ನು ತಿರುವುಮುರುವು ಮಾಡಿದರು: ಉಬ್ಬರಕ್ಕೆ ತೆರೆ, ಇಳಿತಕ್ಕೆ ಮುಚ್ಚು. ಯಾವ ತೂಬು ಎಲ್ಲಿಗೆ ನೀರು ಹಾಯಿಸುತ್ತದೆ ಎಂದು ಕಾಗ್ಗೆಗೆ ಗೊತ್ತಿತ್ತು. ಮೊದಲ ತೂಬಿನಿಂದ ನೀರು ಸಾಲದೆ ಹೋದಾಗ, ಅಕ್ಟೋಬರ್ 29ರ ರಾತ್ರಿ ದೋಣಿಯವನಾದ ಹೆಂಡ್ರಿಕ್ ಗೀರಾರ್ಟ್, ಕೆಲವು ಸೈನಿಕರ ಜೊತೆ ಯಾರೂ ಕಾಯದೆ ಬಿಟ್ಟಿದ್ದ ಇನ್ನೊಂದು ತೂಬಿಗೆ ಹೋಗಿ, ಅದರ ಬಾಗಿಲುಗಳನ್ನು ಎತ್ತಿದ. ಮರುದಿನ ರಾಮ್ಸ್‌ಕಾಪೆಲ್ಲೆ ಹಳ್ಳಿಯೊಳಕ್ಕೆ ನುಗ್ಗಿದ್ದ ಜರ್ಮನ್ನರಿಗೆ ಹಿಂದೆ ಹೊಲಗಳಲ್ಲಿ ನೀರು ಏರುತ್ತಿರುವುದು ಕಂಡಿತು. ಅವರು ಹಿಂದೆ ಸರಿದರು. ಯುದ್ಧ ಮುಗಿಯುವವರೆಗೆ ಆ ಬಯಲು ಕೆರೆಯಾಗಿಯೇ ಇತ್ತು. ತಮ್ಮ ಹೊಲವನ್ನು ತಾವೇ ಉಪ್ಪುನೀರಿಗೆ ಒಪ್ಪಿಸಿದ ರೈತರ ಬೆಲೆಯನ್ನೂ ಈ ಗೆಲುವಿನ ಲೆಕ್ಕದಲ್ಲಿ ಸೇರಿಸಬೇಕು.

ನಾನು ಅಲ್ಲಿಗೆ ಹೋದದ್ದು ಮಧ್ಯಾಹ್ನದ ಇಳಿತದ ಹೊತ್ತಿಗೆ. ಹೆಬ್ಬಾತಿನ ಪಾದದ ಮೇಲೆ ರಾಜ ಆಲ್ಬರ್ಟ್‌ನ ದುಂಡನೆಯ ಸ್ಮಾರಕವಿದೆ. ನಡುವೆ ಕುದುರೆಯ ಮೇಲೆ ರಾಜ. ನನ್ನ ಗಮನ ಕೆಳಗಿತ್ತು. ಈಪರ್‌ನ ಬೀದಿಯಡಿಯಲ್ಲಿ ಹರಿಯುವ ಈಪರ್ಲೆ, ಲಾಂಗೆಮಾರ್ಕ್ ಕಡೆಯ ತೊರೆಗಳು, ಪಾಶೆಂಡೇಲ್ ದಿಣ್ಣೆಯ ಪಶ್ಚಿಮದ ಇಳಿಜಾರಿನ ಬಸಿಗಾಲುವೆಗಳು, ಎಲ್ಲವುಗಳ ನೀರು ಕೊನೆಗೆ ಐಸರ್ ಸೇರಿ ಬರುವುದು ಇಲ್ಲಿಗೇ. ತೂಬಿನ ಬಾಗಿಲು ತೆರೆದಿತ್ತು. ಕಂದು ಬಣ್ಣದ ನೀರು, ಮೇಲೆ ಹುಲ್ಲುಕಡ್ಡಿ ತೇಲಿಸಿಕೊಂಡು, ಸದ್ದಿಲ್ಲದೆ ಕಡಲಿನ ಕಡೆಗೆ ಹೋಗುತ್ತಿತ್ತು. ಉಬ್ಬರ ತಿರುಗುವ ಹೊತ್ತಿಗೆ ಬಾಗಿಲು ಮುಚ್ಚಿತು, ನಾನು ರೈಲು ಹಿಡಿಯಲು ಹೊರಟೆ.